ಪತ್ರ ಯಾರ ಮನೆಯಲ್ಲಿದೆ?

ಈಮೇಲನ್ನು ನಾವು ಪತ್ರವೆನ್ನುತ್ತೇವೆ. ಆದರೆ ಪತ್ರಕ್ಕಿದ್ದ ಒಂದು ಮುಖ್ಯ ಗುಣ ಅದಕ್ಕಿಲ್ಲ. ಅಂಚೆಯಣ್ಣ ಕೈಗೆ ಕೊಟ್ಟ ಮೇಲೆ ಕಾಗದ ನನ್ನದು. ಟ್ರಂಕಿನಲ್ಲಿ ಇಡಬಹುದು, ಹರಿಯಬಹುದು, ಮೊಮ್ಮಕ್ಕಳಿಗೆ ಬಿಡಬಹುದು. ಈಮೇಲ್ ಅಂಚೆ ಕಚೇರಿಯಲ್ಲೇ ಉಳಿಯುತ್ತದೆ. ಪ್ರತಿ ಸಲವೂ ನಾವೇ ಹೋಗಿ, ಗುರುತು ತೋರಿಸಿ, ಓದಿ ಬರಬೇಕು. ಸಾಹಿತ್ಯದ ವಿದ್ಯಾರ್ಥಿಗಳು ಈ ಏರ್ಪಾಡನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡಿರುವುದು ನನಗೆ ಸಿಟ್ಟು ತರಿಸುತ್ತದೆ.

ಕಚೇರಿ ಬಾಗಿಲು ಹಾಕುವುದು ಬರೀ ಊಹೆಯಲ್ಲ. 2020ರ ಡಿಸೆಂಬರಿನಲ್ಲಿ ಯಾಹೂ ಗ್ರೂಪ್ಸ್ ಮುಚ್ಚಿತು. ವಿಶ್ವವಿದ್ಯಾಲಯಗಳಿಗೆ ಕೊಡುತ್ತಿದ್ದ ಮಿತಿಯಿಲ್ಲದ ಉಚಿತ ಜಾಗಕ್ಕೆ ಗೂಗಲ್ 2022ರಲ್ಲಿ ಮಿತಿ ಹಾಕಿತು. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ನಾನು ಓದುವ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿದರೆ ಖಾತೆಯೂ ಮುಗಿಯುತ್ತದೆ. ಚಾಂಪಿಯನ್ ರೀಫ್, ಮಾರಿಕುಪ್ಪಂ ಬಿಟ್ಟು ಹೋದ ಗಣಿ ಕುಟುಂಬಗಳವರು ನನ್ನ ಸಂಶೋಧನೆಗಾಗಿ ಬರೆದ ನೆನಪುಗಳು ಆ ಖಾತೆಯಲ್ಲಿವೆ. ಅವರು ಪತ್ರ ಬರೆದದ್ದು ನನಗೆ, ಯಾವುದೋ ಕಂಪನಿಗಲ್ಲ.

ಸವಲತ್ತು ಬೇರೆ, ಒಡೆತನ ಬೇರೆ ಎನ್ನುವುದನ್ನು ಕೆಜಿಎಫ್‌ಗೆ ಯಾರೂ ಹೇಳಿಕೊಡಬೇಕಿಲ್ಲ. ಶಿವನಸಮುದ್ರದ ವಿದ್ಯುತ್ ಇಲ್ಲಿಗೆ ಬಂದದ್ದು 1902ರಲ್ಲಿ, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಆ ಕರೆಂಟು ಬಂದದ್ದು ಗಣಿಗಾಗಿ. ದೀಪ, ಮನೆ, ಆಸ್ಪತ್ರೆ ಎಲ್ಲವೂ ಗಣಿಯ ಲೆಕ್ಕದಲ್ಲೇ ಇದ್ದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಊರಿಗೆ ಉಳಿದದ್ದು ಸೈನೈಡ್ ದಿಬ್ಬಗಳು, ಮತ್ತು ತಲೆಮಾರುಗಳಿಂದ ಬಾಳಿದ ಮನೆ ಯಾರದೆಂಬ ಪ್ರಶ್ನೆ. ಪುಕ್ಕಟೆ ಇನ್‌ಬಾಕ್ಸ್ ಕೂಡ ಕಂಪನಿ ಕ್ವಾರ್ಟರ್ಸೇ.

‘ಸ್ವಂತ ಸರ್ವರ್ ನಡೆಸುವುದು ಇಂಜಿನಿಯರುಗಳ ಕೆಲಸ’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮೇಲ್ ಕಳಿಸುವುದು ನಿಜಕ್ಕೂ ಕಷ್ಟ. ಎಸ್‌ಪಿಎಫ್, ಡಿಕಿಮ್ ಎಂಬ ಗುರುತುಪತ್ರಗಳು ಬೇಕು. ಮನೆ ಸಂಪರ್ಕಗಳಲ್ಲಿ ಪೋರ್ಟ್ 25 ಮುಚ್ಚಿರುವುದೇ ಹೆಚ್ಚು. ಬಂಗಾರಪೇಟೆಯ ಮನೆಯೊಂದರ ಬ್ರಾಡ್‌ಬ್ಯಾಂಡಿನಿಂದ ನೇರ ಹೊರಟ ಮೇಲನ್ನು ದೊಡ್ಡ ಕಂಪನಿಗಳು ಅನುಮಾನದಿಂದಲೇ ನೋಡುತ್ತವೆ. ಅದನ್ನು ಅವರಿಗೇ ಬಿಡೋಣ. ನಾನು ಹೇಳುತ್ತಿರುವುದು ಬಂದ ಪತ್ರವನ್ನು ಇಟ್ಟುಕೊಳ್ಳುವ ಬಗ್ಗೆ. ಅದು ಸುಲಭ.

ಲಿನಕ್ಸ್ ಹಾಕಿದ ಒಂದು ಹಳೆಯ ಲ್ಯಾಪ್‌ಟಾಪ್ ಸಾಕು. ಫೆಚ್‌ಮೇಲ್ ಎಂಬ ತಂತ್ರಾಂಶ ಹದಿನೈದು ನಿಮಿಷಕ್ಕೊಮ್ಮೆ ದೂರದ ಖಾತೆಯಿಂದ ಹೊಸ ಪತ್ರಗಳನ್ನು ತರುತ್ತದೆ. ಅಲ್ಲಿನ ಪ್ರತಿ ಅಳಿಯಬಾರದೆಂದರೆ ‘ಕೀಪ್’ ಎಂಬ ಆಯ್ಕೆ ಬರೆದಿಡಬೇಕು. ತಂದ ಪತ್ರಗಳು ಮೇಲ್‌ಡಿರ್ ಎಂಬ ಕೋಶದಲ್ಲಿ, ಪತ್ರಕ್ಕೊಂದು ಕಡತದಂತೆ ಕೂರುತ್ತವೆ. ಡವ್‌ಕಾಟ್ ಅವನ್ನು ಮನೆಯೊಳಗಿನ ಫೋನಿಗೂ ತೋರಿಸುತ್ತದೆ. ಟರ್ಮಿನಲ್ಲಿನಲ್ಲಿ ಓದುವವರಿಗೆ ಮಟ್ ಇದೆ. ನಮ್ಮ ಯಂತ್ರವೇ ಹೊರಗೆ ಹೋಗಿ ತರುವುದರಿಂದ ಅದಕ್ಕೆ ಸಾರ್ವಜನಿಕ ವಿಳಾಸ ಬೇಡ. ಕರೆಂಟು ಹೋದರೆ ಪತ್ರ ಅಲ್ಲೇ ಕಾಯುತ್ತದೆ, ಬಂದ ಮೇಲೆ ಇಳಿಯುತ್ತದೆ. ಕನ್ನಡ ಪತ್ರಗಳು ಸಾಮಾನ್ಯವಾಗಿ ಬೇಸ್64 ಸಂಕೇತದಲ್ಲಿ ಬರುವುದರಿಂದ ಕಡತದೊಳಗೆ ನೇರವಾಗಿ ಪದ ಹುಡುಕಿದರೆ ಸಿಗದು. ಅದನ್ನು ಬಿಡಿಸಿ ಸೂಚಿ ಮಾಡಲು ನಾಟ್‌ಮಚ್ ಇದೆ. ಎಲ್ಲವೂ ಉಚಿತ ತಂತ್ರಾಂಶಗಳು. ಡಿಸ್ಕ್ ಕೆಡುತ್ತದೆ, ನಿಜ. ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇಡಬೇಕು. ಬೇರೆಯವರ ಬದುಕು ಅದರಲ್ಲಿರುವುದರಿಂದ ಎರಡಕ್ಕೂ ಗೂಢಲಿಪಿಯ ಬೀಗ ಬೇಕು.

ಎ.ಕೆ. ರಾಮಾನುಜನ್ 1993ರಲ್ಲಿ ತೀರಿಕೊಂಡರು. ಅವರ ದಿನಚರಿ, ಕರಡು, ಪತ್ರಗಳು ಇಂದು ಶಿಕಾಗೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಓದಲು ಸಿಗುತ್ತವೆ, ಏಕೆಂದರೆ ಕಾಗದ ಉಳಿದಿತ್ತು. ಇಂದು ಬರೆಯುತ್ತಿರುವವರ ಪತ್ರವ್ಯವಹಾರವನ್ನು ಮುಂದಿನ ಸಂಶೋಧಕರು ಎಲ್ಲಿ ಹುಡುಕಬೇಕು? ಪಾಸ್‌ವರ್ಡ್ ಬರೆದವರ ಜೊತೆಗೇ ಹೋಗುತ್ತದೆ.

ತಾಳೆಗರಿಯ ಪಾಠಾಂತರಗಳನ್ನು ಹೋಲಿಸುವುದನ್ನು ನಮಗೆ ತರಗತಿಯಲ್ಲಿ ಕಲಿಸಿದರು. ನಮ್ಮದೇ ಪತ್ರಗಳನ್ನು ಉಳಿಸಿಕೊಳ್ಳುವುದನ್ನು ಒಂದು ತಾಸೂ ಕಲಿಸಲಿಲ್ಲ. ಕನ್ನಡ ವಿಭಾಗಗಳು ಆ ಒಂದು ತಾಸನ್ನು ಕೊಡಲಿ. ಖಾತೆ ಮುಚ್ಚುವ ಮೊದಲು ಪೂರ್ತಿ ಪ್ರತಿಯನ್ನು ಕೈಗೆ ಕೊಡುವುದು ವಿಶ್ವವಿದ್ಯಾಲಯಗಳ ಕರ್ತವ್ಯವಾಗಲಿ. ಅಲ್ಲಿಯವರೆಗೆ ಕಾಯಬೇಕಿಲ್ಲ. ಹಳೆಯ ಲ್ಯಾಪ್‌ಟಾಪ್ ಇದ್ದವರು ಈ ವಾರವೇ ಶುರು ಮಾಡಬಹುದು.