ಗೇಟಿನಿಂದ ಹೊರಗೆ ಬಂದ ಮೇಲೆ: ಹದಿಹರೆಯದವರ ವಸತಿ ‘ಸುಧಾರಣಾ’ ಕೇಂದ್ರಗಳ ಕುರಿತು ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು

ಪ್ರತಿ: ಕರ್ನಾಟಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರ

ವಿಷಯ: ಖಾಸಗಿ ವಸತಿ ಕೇಂದ್ರಗಳಲ್ಲಿ ದೌರ್ಜನ್ಯಕ್ಕೊಳಗಾದ ಮಕ್ಕಳ ದೀರ್ಘಕಾಲದ ಮಾನಸಿಕ ಆರೈಕೆ ಹಾಗೂ ಅಂಥ ಕೇಂದ್ರಗಳ ಮೇಲ್ವಿಚಾರಣೆ ಕುರಿತು.

ಮಾನ್ಯರೇ,

ಈ ಮನವಿಗೆ ಎರಡು ಬಗೆಯ ಸಹಿಗಳಿವೆ. ಮೊದಲಿನವು, ಹದಿಹರೆಯದಲ್ಲಿ ಖಾಸಗಿ ವ್ಯಸನಮುಕ್ತಿ ಕೇಂದ್ರಗಳಲ್ಲೋ ‘ಶಿಸ್ತು ಕಲಿಸುವ’ ವಸತಿ ಕೇಂದ್ರಗಳಲ್ಲೋ ತಿಂಗಳುಗಟ್ಟಲೆ ಇದ್ದು ಬಂದ ನಮ್ಮವು. ಉಳಿದವು, ನಮ್ಮನ್ನು ಅಲ್ಲಿಗೆ ಸೇರಿಸಿದ ತಂದೆ ತಾಯಂದಿರವು. ಈ ಎರಡೂ ಕಡೆಯವರು ಒಂದೇ ಮೇಜಿಗೆ ಬಂದು ಕೂರಲು ವರ್ಷಗಳು ಹಿಡಿದವು. ಯಾವ ಕೇಂದ್ರದ ಹೆಸರನ್ನೂ ಇಲ್ಲಿ ಬರೆದಿಲ್ಲ; ಆ ದೂರುಗಳ ದಾರಿ ಬೇರೆ. ಇಲ್ಲಿ ಹೇಳಬೇಕಾಗಿರುವುದು ಗೇಟಿನಿಂದ ಹೊರಗೆ ಬಂದ ಮೇಲಿನ ಬದುಕಿನ ಬಗ್ಗೆ.

ಕರಡು ಬರೆದವನು ನಾನಾದ್ದರಿಂದ ನನ್ನದನ್ನೇ ಮುಂದಿಡುತ್ತೇನೆ. 2019ರಲ್ಲಿ ನನಗೆ 16 ವರ್ಷ. ಮೊದಲ ಪಿಯುಸಿ ಫೇಲಾಗಿದ್ದೆ, ಗಾಂಜಾ ಸೇದುತ್ತಿದ್ದೆ, ಮನೆಯಲ್ಲಿ ಕೈ ಎತ್ತಿದ್ದೂ ಉಂಟು. ಏನೂ ಅರಿಯದ ಕೂಸಾಗಿದ್ದೆನೆಂದು ಹೇಳಿಕೊಳ್ಳುವುದಿಲ್ಲ. ಒಂದು ರಾತ್ರಿ ಎರಡೂವರೆಗೆ ನಾಲ್ವರು ಬಂದು ಹಾಸಿಗೆಯಿಂದ ಎಬ್ಬಿಸಿ, ಕೈ ಹಿಂದಕ್ಕೆ ಕಟ್ಟಿ ವ್ಯಾನಿಗೆ ಹತ್ತಿಸಿದರು. ಬ್ಯಾಗು ಮೊದಲೇ ಸಿದ್ಧವಾಗಿತ್ತು. ಅಮ್ಮ ಬಾಗಿಲ ಬಳಿ ನಿಂತಿದ್ದರು.

ಅಲ್ಲಿ ನಾಲ್ಕು ತಿಂಗಳು. ಹೊಡೆತದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅದು ಮನೆ, ಶಾಲೆಗಳಲ್ಲೂ ಕಂಡದ್ದೇ. ಕಾಣದೇ ಇದ್ದದ್ದು ಸಂಜೆಯ ಸಭೆ. ಒಬ್ಬನನ್ನು ನಡುವೆ ನಿಲ್ಲಿಸಿ, ಅವನು ಎಂಥ ನೀಚನೆಂದು ಸುತ್ತ ಕೂತವರೆಲ್ಲ ಸರದಿಯಲ್ಲಿ ಹೇಳಬೇಕು. ಬಾಯಿ ಬಿಡದವನು ಮರುದಿನ ತಾನೇ ನಡುವೆ ನಿಲ್ಲಬೇಕು. ಪಕ್ಕದ ಹಾಸಿಗೆಯ ಹುಡುಗ ರಾತ್ರಿ ನನ್ನೊಬ್ಬನಿಗೇ ಹೇಳಿಕೊಂಡಿದ್ದನ್ನು ನಾನೇ ಆ ಸಭೆಯಲ್ಲಿ ಆಡಿಬಿಟ್ಟೆ. ಮನೆಗೆ ಪತ್ರವನ್ನು ವಾರ್ಡನ್ ಹೇಳಿ ಬರೆಸುತ್ತಿದ್ದರು. ನಲವತ್ತೈದನೆಯ ದಿನ ಅಮ್ಮ ನೋಡಲು ಬಂದಾಗ ವಾರ್ಡನ್ ಪಕ್ಕದ ಕುರ್ಚಿಯಲ್ಲೇ ಇದ್ದರು. “ಚೆನ್ನಾಗಿದ್ದೀನಮ್ಮ, ಬುದ್ಧಿ ಬಂದಿದೆ” ಎಂದೆ. ಅಮ್ಮ ಕಣ್ಣೊರೆಸಿಕೊಂಡು ಮುಂದಿನ ತಿಂಗಳ ಹಣ ಕಟ್ಟಿ ಹೋದರು.

ಇವತ್ತು ನನಗೆ ಕೆಲಸವಿದೆ, ಗಾಂಜಾ ಇಲ್ಲ. ಆ ಕೇಂದ್ರದ ಲೆಕ್ಕದಲ್ಲಿ ನಾನು ಗುಣವಾದವನು. ಆದರೆ ರಾತ್ರಿ ಎರಡೂವರೆಗೆ ಎಚ್ಚರವಾಗುತ್ತದೆ. ಚಪ್ಪಲಿ ಹಾಸಿಗೆಯ ಪಕ್ಕದಲ್ಲೇ ಇರಬೇಕು. ಬೀಗದ ಕೈ ಗೊಂಚಲು ಅಲುಗಿದರೆ ಬೆನ್ನು ಬೆವರುತ್ತದೆ. ಸಹಿ ಹಾಕಿರುವ ಒಬ್ಬಾಕೆ ಮದುವೆಯಾಗಿ ಎರಡು ವರ್ಷವಾದರೂ ಬಚ್ಚಲಿಗೆ ಹೋಗುವ ಮುನ್ನ ಗಂಡನ ಅಪ್ಪಣೆ ಕೇಳುತ್ತಾರೆ; ಕೇಳಿದೆನೆಂಬುದು ಕೇಳಿದ ಮೇಲೆ ಹೊಳೆಯುತ್ತದಂತೆ. ಇದೆಲ್ಲಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ನಾನು ಮೂರು ಬಾರಿ ಒಳ್ಳೆಯ ಕೌನ್ಸೆಲರ್‌ಗಳ ಬಳಿ ಹೋದೆ. ಮೂರು ಬಾರಿಯೂ ಅವರಿಗೆ ಯಾವ ಮಾತು ಹಿಡಿಸೀತೆಂದು ಊಹಿಸಿ, ಅದನ್ನೇ ಒಪ್ಪಿಸಿ ಎದ್ದು ಬಂದೆ. ಬಿಡುಗಡೆಗಾಗಿ ಕಲಿತ ಸುಳ್ಳು ನಾಲಗೆಗೆ ಅಂಟಿಬಿಟ್ಟಿದೆ. ಗಾಯ ಮಾಡಿದ್ದೇ ಚಿಕಿತ್ಸೆಯ ಹೆಸರಿನಲ್ಲಾದ್ದರಿಂದ ನಿಜವಾದ ಚಿಕಿತ್ಸೆಯ ಬಾಗಿಲೂ ನಮಗೆ ಹೆದರಿಕೆ ಹುಟ್ಟಿಸುತ್ತದೆ.

ಇದು ನಮ್ಮ ಕಲ್ಪನೆಯಲ್ಲ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೆಯ ಆವೃತ್ತಿ, ಆಘಾತದ ನಂತರದ ಒತ್ತಡದ ಕಾಯಿಲೆಯ ಸಂಕೀರ್ಣ ರೂಪವನ್ನು ಬೇರೆಯಾಗಿಯೇ ಗುರುತಿಸಿದೆ. ತಪ್ಪಿಸಿಕೊಳ್ಳಲು ದಾರಿಯಿಲ್ಲದ ಕಡೆ ಮತ್ತೆ ಮತ್ತೆ ಹಿಂಸೆಗೆ ಸಿಕ್ಕವರಲ್ಲಿ ಅದು ಹೆಚ್ಚಾಗಿ ಕಾಣುತ್ತದೆ: ಭಾವನೆಗಳು ಹತೋಟಿಗೆ ಬರುವುದಿಲ್ಲ, ತಾನು ಕೆಲಸಕ್ಕೆ ಬಾರದವನೆಂಬ ನಂಬಿಕೆ ಹೋಗುವುದಿಲ್ಲ, ಹತ್ತಿರದವರ ಜೊತೆ ಬಾಳುವುದು ಕಷ್ಟವಾಗುತ್ತದೆ. ಸಂಜೆಯ ಸಭೆಯ ಪದ್ಧತಿಯೂ ಹೊಸದೇನಲ್ಲ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವ್ಯಸನಿಗಳಿಗಾಗಿ ಶುರುವಾದ ಸಿನನಾನ್ ಎಂಬ ಸಂಸ್ಥೆ ಒಬ್ಬರನ್ನೊಬ್ಬರು ಹೀಯಾಳಿಸುವುದನ್ನೇ ‘ಆಟ’ವೆಂದು ಕರೆದು ಚಿಕಿತ್ಸೆಯನ್ನಾಗಿ ಮಾಡಿಕೊಂಡಿತು, 1970ರ ದಶಕದಲ್ಲಿ ಆ ಪದ್ಧತಿ ಅಮೆರಿಕದ ಹದಿಹರೆಯದವರ ವಸತಿ ಕೇಂದ್ರಗಳಿಗೆ ಹಬ್ಬಿತು. 2007ರಲ್ಲಿ ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಇಂಥ ಕೇಂದ್ರಗಳಲ್ಲಿ ಸಾವಿರಾರು ದೌರ್ಜನ್ಯದ ಆರೋಪಗಳಿರುವುದನ್ನು ಕಂಡು, ಹತ್ತು ಮಕ್ಕಳ ಸಾವನ್ನು ವಿವರವಾಗಿ ಪರಿಶೀಲಿಸಿತು. ಈ ಬಗ್ಗೆ ಅಲ್ಲಿ ಒಂದು ರಾಷ್ಟ್ರೀಯ ಕಾನೂನು ಬಂದದ್ದು 2024ರ ಡಿಸೆಂಬರಿನಲ್ಲಿ. ನಮ್ಮ ವಾರ್ಡನ್ ಸಿನನಾನ್ ಹೆಸರನ್ನು ಕೇಳಿರಲಾರರು. ಕೇಳದೆಯೂ ಅದನ್ನೇ ಮಾಡುತ್ತಿದ್ದರು.

ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಸರಪಳಿ ಬಿಗಿದಿದ್ದ ಮಾನಸಿಕ ರೋಗಿಗಳು ಬೆಂಕಿಯಿಂದ ಓಡಲಾಗದೆ ಸುಟ್ಟುಹೋದದ್ದನ್ನು ದೇಶ ಮರೆತಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಮದ್ಯ, ಮಾದಕವಸ್ತುಗಳಿಂದಾಗುವ ಮಾನಸಿಕ ತೊಂದರೆಗಳಿಗೂ ಅನ್ವಯಿಸುತ್ತದೆ; ಸರಪಳಿಯನ್ನೂ ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನೂ ನಿಷೇಧಿಸುತ್ತದೆ. 87ನೆಯ ಕಲಮಿನ ಪ್ರಕಾರ, ಮಗುವನ್ನು ಸೇರಿಸಿಕೊಳ್ಳುವ ಮುನ್ನ ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ವಯಸ್ಕರಿಂದ ಪ್ರತ್ಯೇಕವಾಗಿ ಇಡಬೇಕು, ಮನೆಯವರೋ ಅವರು ನೇಮಿಸಿದವರೋ ಉದ್ದಕ್ಕೂ ಜೊತೆಗಿರಬೇಕು, 72 ಗಂಟೆಯೊಳಗೆ ಪರಿಶೀಲನಾ ಮಂಡಳಿಗೆ ತಿಳಿಸಬೇಕು, 30 ದಿನ ದಾಟಿದರೆ ಮಂಡಳಿಯೇ ಪರಿಶೀಲಿಸಬೇಕು. ನಮ್ಮ ತಂದೆ ತಾಯಂದಿರ ಹತ್ತಿರ ಇರುವುದು ಹಣ ಕಟ್ಟಿದ ರಸೀದಿ ಮಾತ್ರ.

ಆದ್ದರಿಂದ ನಮ್ಮ ಬೇಡಿಕೆಗಳು ಹೀಗಿವೆ.

ಹದಿನೆಂಟು ತುಂಬದವರನ್ನು ಇರಿಸಿಕೊಳ್ಳುವ ಎಲ್ಲ ಕೇಂದ್ರಗಳನ್ನು, ಬೋರ್ಡಿನ ಮೇಲೆ ಯೋಗಾಶ್ರಮ, ಅಕಾಡೆಮಿ, ಏನೇ ಬರೆದುಕೊಂಡಿರಲಿ, ಆಯೋಗವು ಮುನ್ಸೂಚನೆಯಿಲ್ಲದೆ ಪರಿಶೀಲಿಸಬೇಕು. ನೋಂದಾಯಿತ ಕೇಂದ್ರಗಳ ಪಟ್ಟಿ ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು. ದಾರಿ ಕಾಣದ ತಾಯಿ ಮೊದಲು ಕೇಳುವುದು ಅಕ್ಕಪಕ್ಕದವರನ್ನು, ಅವರು ಕೊಡುವುದು ಯಾರದೋ ಫೋನ್ ನಂಬರನ್ನು.

ರಾತ್ರಿ ಬಂದು ಮಕ್ಕಳನ್ನು ಎತ್ತಿಕೊಂಡು ಹೋಗುವ ‘ಪಿಕಪ್’ ನಿಲ್ಲಬೇಕು. ಪೋಷಕರ ಒಪ್ಪಿಗೆ ಇದಕ್ಕೆ ನೆಪವಾಗಬಾರದು. ತಪ್ಪಿದವರ ಮೇಲೆ 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಮಿನಡಿ ಮೊಕದ್ದಮೆ ದಾಖಲಾಗಬೇಕು.

ಮಗು ವಾರಕ್ಕೊಮ್ಮೆಯಾದರೂ ಸಿಬ್ಬಂದಿಯ ಕಿವಿಗೆ ಬೀಳದಂತೆ ಮನೆಯವರೊಡನೆ ಮಾತಾಡುವಂತಿರಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಫೋನ್ ಸಿಗಬೇಕು. ‘ಸುಧಾರಿಸಿದ್ದೇನೆ’ ಎಂದು ಮಗುವಿನಿಂದ ಬರೆಸಿಕೊಂಡ ಕಾಗದ, ವಿಡಿಯೊಗಳನ್ನು ಸಾಕ್ಷ್ಯವೆಂದು ಪರಿಗಣಿಸಬಾರದು, ಜಾಹೀರಾತಿಗೂ ಬಳಸಬಾರದು.

ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ನಂತರದ ಆರೈಕೆ. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಹೊಸ ಕಟ್ಟಡ ಬೇಡ. ಆ ಕಾರ್ಯಕ್ರಮದಡಿಯಲ್ಲೇ ಕೇಂದ್ರಗಳಿಂದ ಹೊರಬಂದವರಿಗೆ ಉಚಿತ ಚಿಕಿತ್ಸೆ ಸಿಗಲಿ, ಬಿಡುಗಡೆಯಾಗಿ ಎಷ್ಟೇ ವರ್ಷ ಕಳೆದಿದ್ದರೂ. ಚಿಕಿತ್ಸೆ ಕೊಡುವವರು ಯಾವ ವಸತಿ ಕೇಂದ್ರದೊಡನೆಯೂ ನಂಟಿಲ್ಲದವರಾಗಿರಲಿ. ನಾವು ಮೊದಲ ಹಲವು ಭೇಟಿಗಳಲ್ಲಿ ಸುಳ್ಳು ಹೇಳುತ್ತೇವೆಂಬುದನ್ನು ಅವರಿಗೆ ಮೊದಲೇ ತಿಳಿಸಿ, ‘ಈಗ ಪರವಾಗಿಲ್ಲ’ ಎಂದ ಕೂಡಲೇ ಕಡತ ಮುಚ್ಚದಂತೆ ತರಬೇತಿ ಕೊಡಿ. ನಮ್ಮ ದಾಖಲೆಗಳನ್ನು ಕೇಂದ್ರಗಳಿಂದ ನಮಗೆ ಕೊಡಿಸಿ. ಯಾವ ಮಾತ್ರೆ ನುಂಗಿದೆವೆಂಬುದೂ ನಮ್ಮಲ್ಲಿ ಕೆಲವರಿಗೆ ಇಂದಿಗೂ ಗೊತ್ತಿಲ್ಲ.

ಪೋಷಕರಿಗೂ ಸಮಾಲೋಚನೆ ಬೇಕು. ಇದನ್ನು ಸೇರಿಸಲು ಹೇಳಿದವರು ಅವರಲ್ಲ, ನಾವು.

ಆಯೋಗ ಕರೆದರೆ ಅಹವಾಲು ಹೇಳಲು ಬರುತ್ತೇವೆ. ಮಕ್ಕಳಾಗಿ ಅಲ್ಲಿದ್ದವರ ಮಾತನ್ನೂ ಪೋಷಕರ ಮಾತನ್ನೂ ಬೇರೆಬೇರೆಯಾಗಿ ಕೇಳಬೇಕೆಂದು ಪ್ರಾರ್ಥನೆ. ಸುತ್ತ ಕುರ್ಚಿ ಹಾಕಿ ಒಬ್ಬರನ್ನು ನಡುವೆ ಕೂರಿಸುವುದು ಬೇಡ. ವಿಚಾರಣೆ ಹಗಲಿನಲ್ಲಿರಲಿ, ಕೋಣೆಯ ಬಾಗಿಲು ತೆರೆದಿರಲಿ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿಗಳ ಪಟ್ಟಿಯನ್ನು ಮುಚ್ಚಿದ ಲಕೋಟೆಯಲ್ಲಿ ಲಗತ್ತಿಸಿದೆ)