ಕುಸುಮಬಾಲೆ ಯಾರಿಗೆ ಕಷ್ಟ?

‘ಕುಸುಮಬಾಲೆ’ ಅರ್ಥವಾಗುವುದಿಲ್ಲ ಎಂದು ಪಂಡಿತರು ಹೇಳಿದರೆ ನನಗೆ ಸಿಟ್ಟಿಲ್ಲ. ಅವರಿಗೆ ಹೊಲಗೇರಿ ಅರ್ಥವಾದದ್ದಾದರೂ ಯಾವಾಗ? ಆದರೆ ಗೆಳೆಯರೇ, ವೇದಿಕೆ ಮೇಲೆ ದೇವನೂರ ಮಹಾದೇವರ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸಿ, ಕೆಳಗಿಳಿದ ಮೇಲೆ ‘ನಾಲ್ಕು ಪುಟ ಓದಿ ಇಟ್ಟೆ ಮಾರಾಯ’ ಅಂತೀರಲ್ಲ, ಅದಕ್ಕೆ ಜವಾಬು ಬೇಕು.

ನಾನೂ ಇಟ್ಟವನೇ. 2025ರ ಜುಲೈಯಲ್ಲಿ ಸೇತುವೆ ಆಗುವ ತನಕ ಹೊಳೆಬಾಗಿಲಲ್ಲಿ ಲಾಂಚಿಗೆ ಕಾಯುವುದೆಂದರೆ ಓದಲಿಕ್ಕೆ ಬೇಕಾದಷ್ಟು ಹೊತ್ತು. ಹಾಗೆ ಕಾಯುತ್ತಾ ಪುಸ್ತಕ ಬಿಚ್ಚಿದೆ. ಲಾಂಚು ಬರುವ ಮೊದಲೇ ಮುಚ್ಚಿದೆ. ನಂಜನಗೂಡು ಸೀಮೆಯ ಮಾತು, ನಮಗಲ್ಲ ಅಂದುಕೊಂಡೆ.

ಎಂಥ ಮಾತು ಅದು! ಕುವೆಂಪು 1967ರಲ್ಲಿ ‘ಮಲೆಗಳಲ್ಲಿ ಮದುಮಗಳು’ ತಂದಾಗ ಅದರ ತುಂಬ ನಮ್ಮ ಮಲೆನಾಡಿನ ಮಾತು. ಸಾಗರ, ಹೊಸನಗರ, ತೀರ್ಥಹಳ್ಳಿಯ ನಾವು ಬಯಲುಸೀಮೆಯವರಿಗೆ ಏನು ಹೇಳ್ತೀವಿ? ‘ಹಾಡ್ಯ, ಸರಲು ಗೊತ್ತಿಲ್ವಾ? ಕಲ್ತುಕೊಳ್ಳಿ.’ ಅವರೂ ಕಲಿತರು, ಗುತ್ತಿಯ ಹಿಂದೆ ಕಾಡೆಲ್ಲ ತಿರುಗಿದರು. ಶಾಲೆಯಲ್ಲಿ ರನ್ನ, ರಾಘವಾಂಕರನ್ನು ನಾವು ಬೆತ್ತದೇಟು ತಿಂದು ಕಲಿತೆವು. ಆ ಕನ್ನಡ ಯಾರ ಮನೆಯದು? ಹಳಗನ್ನಡಕ್ಕೆ ಹತ್ತು ವರ್ಷ ಕೊಟ್ಟವರು ದಲಿತನೊಬ್ಬ ತನ್ನ ತಾಯಿಮಾತಲ್ಲಿ ಬರೆದರೆ ಹತ್ತು ನಿಮಿಷ ಕೊಡ್ತೀವಿ. ಕಷ್ಟ ಇರೋದು ಪುಸ್ತಕದಲ್ಲೋ, ನಮ್ಮ ಮರ್ಯಾದೆಯ ಲೆಕ್ಕದಲ್ಲೋ?

ಇನ್ನೊಂದು ಆಕ್ಷೇಪಣೆ ನಮ್ಮೊಳಗಿನದೇ. ಚಳವಳಿಗೆ ಸರಳ ಮಾತು ಬೇಕು, ಇದು ಒಗಟು ಅಂತ. ಕರಪತ್ರ ಸರಳವಾಗಿರಲಿ, ಒಪ್ಪಿದೆ. ಆದರೆ ಇಲ್ಲಿ ಚೆನ್ನ ಎಂಬ ದಲಿತ ಹುಡುಗ ಮೇಲುಜಾತಿಯ ಕುಸುಮಳನ್ನು ಪ್ರೀತಿಸಿ ಕೊಲೆಯಾಗ್ತಾನೆ. ಅಂಥ ಕೊಲೆ ಊರಿಗೆ ಹೇಗೆ ಗೊತ್ತಾಗುತ್ತೆ ಸ್ವಾಮಿ? ಯಾರಾದರೂ ಕೂಗಿ ಹೇಳ್ತಾರಾ? ಅರ್ಧ ಮಾತು, ನುಂಗಿದ ಮಾತು, ಒಲೆ ಮುಂದಿನ ಪಿಸುಮಾತು. ಬರೆದಿರುವುದೂ ಹಾಗೇ. ಮನುಷ್ಯರ ಬಾಯಿ ಕಟ್ಟಿದ ಕಡೆ ಮಂಚ ಮಾತಾಡುತ್ತೆ, ಜೋತಮ್ಮಗಳು ಮಾತಾಡ್ತವೆ. ಪೊಲೀಸು ಪಂಚನಾಮೆಯ ಕನ್ನಡದಲ್ಲಿ ಇದನ್ನು ಬರೆಸಿ ನೋಡಿ, ಚೆನ್ನ ಎರಡನೇ ಸಲ ಸಾಯ್ತಾನೆ.

ನಾನು ಎರಡನೇ ಸಲ ಹಿಡಿದದ್ದು ಒಂದು ಮಳೆಗಾಲದಲ್ಲಿ, ಕರೆಂಟಿಲ್ಲದ ರಾತ್ರಿ. ಓದು ಬಾರದ ದೊಡ್ಡಮ್ಮನ ಎದುರು ಗಟ್ಟಿಯಾಗಿ ಓದಿದೆ. ಎಷ್ಟೋ ಮಾತು ಅವಳಿಗೂ ಹೊಸವು. ನಡುನಡುವೆ ‘ಅಂದ್ರೆ ಎಂತದಾ?’ ಅಂತ ಕೇಳಿದಳು, ನನಗೂ ಗೊತ್ತಿರಲಿಲ್ಲ, ಮುಂದೆ ಹೋದೆವು. ಜೋತಮ್ಮಗಳು ಬಂದಾಗ ಮಾತ್ರ ಅವಳು ತಡೆಯಲೇ ಇಲ್ಲ. ಆರಿಸಿದ ದೀಪಗಳು ರಾತ್ರಿ ಒಂದು ಕಡೆ ಸೇರಿ ಮನೆಮನೆಯ ಸುದ್ದಿ ಹೇಳಿಕೊಳ್ಳುವ ಕತೆ ಅವಳು ಹುಡುಗಿಯಾಗಿದ್ದಾಗಲೇ ಕೇಳಿದ್ದು. ಎಂ.ಎ. ಮಾಡಿದವರು ಅಡಿಗೆರೆ ಹಾಕಿ ತಲೆ ಕೆರೆದುಕೊಳ್ಳುವ ಜಾಗದಲ್ಲಿ ಮುದುಕಿ ‘ಹ್ಞೂಂ’ ಅಂದಳು.

ಕಣ್ಣಿಗೆ ಕಗ್ಗಂಟಾದದ್ದು ಕಿವಿಗೆ ಬಿಚ್ಚಿಕೊಂಡಿತು. ವಚನಗಳನ್ನೂ ಪಂಪನನ್ನೂ ಅರೆದು ಕುಡಿದ ಎಲ್. ಬಸವರಾಜು ಅವರು ಈ ಗದ್ಯವನ್ನು ಪದ್ಯದ ಸಾಲುಗಳಾಗಿ ಬಿಡಿಸಿ ಅಚ್ಚು ಹಾಕಿಸಿದ್ದು ಸುಮ್ಮನೆ ಅಲ್ಲ. ಉಸಿರು ಎಲ್ಲಿ ನಿಲ್ಲುತ್ತೆ ಅಂತ ಆ ಹಿರಿಯರಿಗೆ ಕೇಳಿಸಿತ್ತು. 1990ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು ಅಂತ ಹಾರ ಹಾಕಿದ ನಾವು, 1984ರಲ್ಲಿ ಬಂದ ಪುಸ್ತಕವನ್ನು ಕಪಾಟಲ್ಲಿಟ್ಟು ಪೂಜೆ ಮಾಡ್ತಿದ್ದೀವಿ. ಪೂಜೆ ಬೇಡ ಅಂದವರು ನಾವೇ ತಾನೆ?

ನನಗೆ ಈಗಲೂ ಬಿಡಿಸಲಾಗದ ಪುಟಗಳಿವೆ, ಮುಚ್ಚಿಡೋದಿಲ್ಲ. ಮುಂದಿನ ಸಭೆಗೆ ಪ್ರಬಂಧ ತರಬೇಡಿ. ಪುಸ್ತಕ ತನ್ನಿ. ಸರದಿ ಮೇಲೆ ಜೋರಾಗಿ ಓದೋಣ, ಚಾಮರಾಜನಗರದ ಕಡೆಯ ಗೆಳೆಯರನ್ನೂ ಕರೆಯೋಣ. ನಮ್ಮ ಉಚ್ಚಾರಣೆ ಕೇಳಿ ಅವರು ನಕ್ಕರೆ ನಗಲಿ.