ಹೀಟರ್ ಪೈಪು ಸುತ್ತಿ ಕಟ್ಟುವ ಮುನ್ನ

‘ಕಾರಿಗೆ ಹೀಟರ್ ಯಾಕಣ್ಣ, ನಮ್ದೇನು ಕಾಶ್ಮೀರನಾ?’ ಚಳಿ ಶುರುವಾದರೆ ಚಿಕ್ಕಬಳ್ಳಾಪುರದ ನನ್ನ ಗ್ಯಾರೇಜಿನಲ್ಲಿ ಈ ಮಾತು ಕೇಳದ ವಾರವಿಲ್ಲ. ಹೀಟರ್ ಸೋರುತ್ತಿದೆ ಎಂದರೆ ಗಿರಾಕಿ ರಿಪೇರಿಗೆ ಎಷ್ಟಾಗುತ್ತದೆ ಎಂದು ಕೇಳುವುದಿಲ್ಲ, ಕಿತ್ತು ಹಾಕಿದರೆ ಗಾಡಿ ಓಡುತ್ತದಲ್ಲ ಎಂದು ಕೇಳುತ್ತಾನೆ. ಓಡುತ್ತದೆ. ಇಂಜಿನ್‌ನಿಂದ ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಬಿಚ್ಚಿ, ಒಂದಕ್ಕೊಂದು ಜೋಡಿಸಿ ಕ್ಲಿಪ್ಪು ಬಿಗಿದರೆ ಅರ್ಧ ಗಂಟೆಯ ಕೆಲಸ. ನಮ್ಮ ಕಸುಬಿನವರು ಇದನ್ನು ಕಣ್ಣು ಮುಚ್ಚಿ ಮಾಡುತ್ತೇವೆ. ಅದರ ಬಗ್ಗೆಯೇ ನನ್ನ ತಕರಾರು.

ಇದು ಕಾಶ್ಮೀರವಲ್ಲ, ನಿಜ. ಆದರೆ ನಮ್ಮ ಕಡೆ ಹೂವಿನ ಗಾಡಿಗಳು ಬೆಂಗಳೂರಿಗೆ ಹೊರಡುವುದೇ ನಡುರಾತ್ರಿ ದಾಟಿದ ಮೇಲೆ. ಹಿಂದಿನ ಸೀಟು ಕಳಚಿದ ವ್ಯಾನಿನಲ್ಲಿ ಒದ್ದೆ ಸೇವಂತಿಗೆ, ಗುಲಾಬಿ ಮೂಟೆಗಳು, ಮುಂದೆ ಶಾಲು ಹೊದ್ದು ಕೂತವರು, ಕಿಟಕಿಗಳೆಲ್ಲ ಏರಿಸಿದ್ದು. ಹೂವಿನ ತೇವವೂ ಜನರ ಉಸಿರೂ ಸೇರಿ ಮುಂದಿನ ಗಾಜಿಗೆ ಒಳಗಿನಿಂದ ಹಬೆ ಕಟ್ಟುತ್ತದೆ. ಡ್ರೈವರ್ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆಯಿಂದ ಉಜ್ಜುತ್ತಾನೆ. ಎದುರಿನ ಲಾರಿಯ ಬೆಳಕು ಆ ಉಜ್ಜಿದ ಗೆರೆಗಳ ಮೇಲೆ ಬಿದ್ದು ಇಡೀ ಗಾಜು ಬೆಳ್ಳಗಾಗುತ್ತದೆ. ಹೀಟರ್ ಬೇಕಾಗಿರುವುದು ಕಾಲು ಬೆಚ್ಚಗಿಡಲಿಕ್ಕಲ್ಲ, ಈ ಗಾಜಿಗಾಗಿ. ಎಸಿ ಇರುವ ಗಾಡಿಯಲ್ಲಿ ಎಸಿ, ಹೀಟರ್ ಎರಡನ್ನೂ ಒಟ್ಟಿಗೆ ಹಾಕಿ ಗಾಳಿಯನ್ನು ಗಾಜಿಗೆ ತಿರುಗಿಸಿ ನೋಡಿ. ಎಸಿ ತೇವ ಹೀರುತ್ತದೆ, ಹೀಟರ್ ಗಾಜನ್ನು ಬಿಸಿ ಮಾಡುತ್ತದೆ, ಸ್ವಲ್ಪ ಹೊತ್ತಿಗೆಲ್ಲ ದಾರಿ ಕಾಣುತ್ತದೆ.

2023ರ ಅಕ್ಟೋಬರ್ 26ರ ಬೆಳಿಗ್ಗೆ ನಮ್ಮ ಊರ ಹೊರಗೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೋ ಗುದ್ದಿ 13 ಜನ ಸತ್ತರು. ಅವತ್ತು ದಟ್ಟ ಮಂಜಿತ್ತು. ಆ ಅಪಘಾತಕ್ಕೂ ಹೀಟರಿಗೂ ನಾನು ಗಂಟು ಹಾಕುತ್ತಿಲ್ಲ. ಹೊರಗಿನ ಮಂಜನ್ನು ಯಾವ ಹೀಟರೂ ಕರಗಿಸಲಾರದು. ಆದರೆ ಹೊರಗೆ ಅಂಥ ಮಂಜು ಬೀಳುವ ಊರಿನಲ್ಲಿ ಒಳಗಿನ ಹಬೆಯನ್ನೂ ಇಟ್ಟುಕೊಂಡು ಗಾಡಿ ಓಡಿಸುವುದು ಯಾವ ಲೆಕ್ಕ?

ಹೀಟರ್ ಕೋರ್ ಅಂದರೆ ಡ್ಯಾಶ್‌ಬೋರ್ಡಿನ ಹಿಂದೆ ಕೂತಿರುವ ಪುಟ್ಟ ರೇಡಿಯೇಟರ್. ಇಂಜಿನ್ನಿನ ಬಿಸಿ ಕೂಲೆಂಟ್ ಅದರೊಳಗೆ ಹರಿಯುತ್ತದೆ, ಬ್ಲೋವರ್ ಅದರ ಮೇಲೆ ಗಾಳಿ ಬೀಸುತ್ತದೆ, ಅಷ್ಟೆ. ತಾನಾಗಿ ಕೆಡುವಂಥದ್ದು ಅದರಲ್ಲಿ ಹೆಚ್ಚೇನಿಲ್ಲ. ನಮ್ಮ ಜಿಲ್ಲೆಯಲ್ಲಿ ಅದನ್ನು ಕೊಲ್ಲುವುದು ಬೋರ್‌ವೆಲ್ ನೀರು. ಸಾವಿರ, ಸಾವಿರದೈನೂರು ಅಡಿ ಆಳದಿಂದ ಬರುವ ಗಡಸು ನೀರನ್ನು ಕಾಯಿಸಿದರೆ ಏನಾಗುತ್ತದೆಂದು ಬಚ್ಚಲು ಮನೆಯ ಹಂಡೆ ನೋಡಿದವರಿಗೆಲ್ಲ ಗೊತ್ತು. ಅದೇ ಬಿಳಿ ಪೊರೆ ಹೀಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟುತ್ತದೆ. ಕೂಲೆಂಟಿನಲ್ಲಿರುವ ತುಕ್ಕುನಿರೋಧಕವೂ ಇಲ್ಲದಿದ್ದರೆ ಅಲ್ಯೂಮಿನಿಯಂ ತೂತು ಬೀಳುತ್ತದೆ. ಫ್ಲೋರೈಡ್ ಇದೆಯೆಂದು ಬೋರ್ ನೀರು ಬಾಯಿಗೆ ಹಾಕದೆ, ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುತ್ತೇವೆ. ಶಿಡ್ಲಘಟ್ಟದ ರೇಷ್ಮೆ ರೀಲರ್‌ಗಳಿಗಂತೂ ನೀರಿನ ಪಾಠ ಯಾರೂ ಹೇಳಬೇಕಿಲ್ಲ; ಗಡಸು ನೀರಿನಲ್ಲಿ ಗೂಡು ಬೇಯಿಸಿದರೆ ನೂಲಿನ ಹೊಳಪು ಕೆಡುತ್ತದೆಂದು ಬಲ್ಲವರು ಅವರು. ಅದೇ ಮನೆಗಳ ಕಾರಿನ ರೇಡಿಯೇಟರಿಗೆ ಮಾತ್ರ ತೊಟ್ಟಿಯಿಂದ ಒಂದು ಚೊಂಬು! ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಬೆರೆಸಿ ಹಾಕಿ. ಬೆರೆಸಿಯೇ ಮಾರುವ ಕ್ಯಾನಾದರೆ ಮತ್ತೆ ನೀರು ಸೇರಿಸಬೇಡಿ. ದಾರಿಯಲ್ಲಿ ಏನೂ ಸಿಗದಿದ್ದರೆ ಘಟಕದ ನೀರಾದರೂ ಆಗಲಿ.

ಇನ್ನೊಂದು ಚಾಳಿ: ‘ಥರ್ಮೋಸ್ಟಾಟ್ ತೆಗೆದುಬಿಡಿ, ಇಂಜಿನ್ ತಂಪಾಗಿರುತ್ತೆ’. ತಂಪೇನೋ ಆಗುತ್ತದೆ, ಆಗಬೇಕಾದ್ದಕ್ಕಿಂತ ಹೆಚ್ಚೇ. ಚಳಿಯಲ್ಲಿ ಇಂಜಿನ್ ಬಿಸಿಯೇರಲು ತಡ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಹೀಟರ್ ಹಾಕಿದರೆ ಉಗುರುಬೆಚ್ಚನೆ ಗಾಳಿ. ಆಗ ಗಿರಾಕಿ ಹೀಟರನ್ನೇ ಬೈಯುತ್ತಾನೆ. ಸೋರಿಕೆ ನಿಲ್ಲಿಸುವ ಪುಡಿಯದೂ ಇದೇ ಕಥೆ. ತೂತು ಮುಚ್ಚುತ್ತದೋ ಇಲ್ಲವೋ, ಸಣ್ಣ ಕೊಳವೆ ಮಾತ್ರ ಮುಚ್ಚಿಹೋಗುತ್ತದೆ.

ಹೀಟರ್ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಭಾನುವಾರ ಬೆಳಿಗ್ಗೆ ಸೂರ್ಯೋದಯ ನೋಡಲು 1478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಕಾರುಗಳ ಸಾಲು ಹತ್ತುತ್ತದೆ. ತಿರುವಿನಲ್ಲಿ ಸಾಲು ನಿಂತಾಗ, ತುಂಬಿದ ಕಾರಿನ ಬಿಸಿಯ ಮುಳ್ಳು ಏರತೊಡಗಿದರೆ ಎಸಿ ಬಂದ್ ಮಾಡಿ, ಹೀಟರನ್ನು ಪೂರ್ತಿ ಹಾಕಿ, ಕಿಟಕಿ ಇಳಿಸಿ. ಬೆವರುತ್ತೀರಿ, ಆದರೆ ಇಂಜಿನ್ನಿನ ಬಿಸಿ ಒಂದಷ್ಟು ಆ ದಾರಿಯಲ್ಲಿ ಹೊರಹೋಗುತ್ತದೆ. ಪಕ್ಕಕ್ಕೆ ನಿಲ್ಲಿಸುವಷ್ಟು ಸಮಯ ಸಿಗುತ್ತದೆ. ಪೈಪು ಸುತ್ತಿ ಕಟ್ಟಿದ ಗಾಡಿಗೆ ಈ ದಾರಿಯೂ ಇಲ್ಲ.

ಸೋರಿಕೆ ಕಂಡುಹಿಡಿಯುವುದು ಕಷ್ಟವಲ್ಲ. ಕಾರಿನೊಳಗೆ ಸಿಹಿ ಸಿಹಿ ವಾಸನೆ, ಒರೆಸಿದಷ್ಟೂ ಹೋಗದ ಜಿಡ್ಡಿನ ಹಬೆ, ಮುಂದಿನ ಸೀಟಿನ ಕೆಳಗೆ ಒದ್ದೆ ಮ್ಯಾಟು, ನೆಲಕ್ಕೆ ತೊಟ್ಟೂ ಬೀಳದೆ ಇಳಿಯುವ ಕೂಲೆಂಟ್. ಕೋರ್‌ನ ಕೊಳವೆ ಕಟ್ಟಿಕೊಂಡಿದ್ದರೆ, ಇಂಜಿನ್ ಬಿಸಿಯಾಗಿ ಹೀಟರ್ ಹಾಕಿರುವಾಗ ಒಂದು ಪೈಪು ಸುಡುತ್ತದೆ, ಇನ್ನೊಂದು ತಣ್ಣಗಿರುತ್ತದೆ. ಬರೀ ಕಟ್ಟಿಕೊಂಡಿದ್ದರೆ ಎರಡೂ ಪೈಪು ಬಿಚ್ಚಿ ಹಿಂದುಮುಂದಾಗಿ ನೀರು ಬಿಟ್ಟು ತೊಳೆಯಬಹುದು. ವಾಟರ್ ಸರ್ವೀಸಿನ ಪ್ರೆಷರ್ ಗನ್ ಮಾತ್ರ ಹಿಡಿಯಬೇಡಿ, ಹಳೇ ಕೋರ್ ಒಡೆದೇ ಹೋಗುತ್ತದೆ. ತೂತಾಗಿದ್ದರೆ ಬದಲಿಸಲೇಬೇಕು. ಅಲ್ಲಿ ಗಿರಾಕಿಯ ಸಂಕಟ ನನಗೆ ಅರ್ಥವಾಗುತ್ತದೆ: ಬಹಳಷ್ಟು ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು, ಕೆಲವದರಲ್ಲಿ ಎಸಿ ಗ್ಯಾಸೂ ತೆಗೆಯಬೇಕು, ಸಾಮಾನಿಗಿಂತ ಕೂಲಿಯೇ ಜಾಸ್ತಿ. ಹಾಗಾಗಿ ಹಣ ಹೊಂದಿಸುವ ತನಕ ಪೈಪು ಸುತ್ತಿ ಕಟ್ಟುವುದು ತಪ್ಪೆಂದು ನಾನು ಹೇಳುವುದಿಲ್ಲ. ಎರಡೂ ಬಾಯಿ ಮುಚ್ಚಿ ಬಿರಡೆ ಹೊಡೆಯುವುದು ಮಾತ್ರ ಬೇಡ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವ ತನಕ ಕೂಲೆಂಟ್ ಸುತ್ತುವುದೇ ಆ ದಾರಿಯಲ್ಲಿ.

ನಮ್ಮ ಕಸುಬಿನವರಲ್ಲಿ ನನ್ನದೊಂದೇ ಕೋರಿಕೆ. ಹೀಟರ್ ಬೈಪಾಸ್ ಮಾಡಿದ್ದೀರೆಂದರೆ ಬಿಲ್ಲಿನ ಮೇಲೆ ಬರೆದು ಕೊಡಿ. ಚಿಂತಾಮಣಿಯಲ್ಲಿ ಮಾಡಿದ ಬೈಪಾಸು ಗೌರಿಬಿದನೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡವನಿಗೆ ಗೊತ್ತಾಗುವುದು ಡಿಸೆಂಬರಿನ ಒಂದು ಬೆಳಗಿನ ಜಾವ, ಹೆದ್ದಾರಿಯ ಮೇಲೆ. ಕೊಳ್ಳುವವರೂ ಅಷ್ಟೆ: ಸ್ಟೀರಿಯೋ ಹಾಕಿ ನೋಡುವ ಬದಲು ಹೀಟರ್ ಹಾಕಿ ನೋಡಿ, ಬಾನೆಟ್ ಎತ್ತಿಸಿ ಆ ಎರಡು ಪೈಪು ಎಲ್ಲಿಗೆ ಹೋಗಿವೆ ಎಂದು ಕೇಳಿ.